ಮನೆವಾರ್ತೆಯ ವಿಜ್ಞಾನ: ಪರಿವರ್ತಕವೂ ತ್ರೈರಾಶಿಕವೂ



ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ, ಊರ ಅಂಚಿನಲ್ಲಿ ಎರಡು ಕಂಬಗಳ ನಡುವೆ ಅಟ್ಟದ ಮೇಲೆ ಕುಳಿತಿರುವ ಕಬ್ಬಿಣದ ಪೆಟ್ಟಿಗೆಯೊಂದು ಕಣ್ಣಿಗೆ ಬೀಳುವುದು. ಪೇಟೆಯವರು ಅದನ್ನು ಟ್ರಾನ್ಸ್‌ಫಾರ್ಮರು ಎನ್ನುವರು; ಹೊಲದ ಜನರು ಟಿ. ಸಿ. ಎನ್ನುವರು, ಪಾಠಪುಸ್ತಕಗಳಲ್ಲಿ ಅದಕ್ಕೆ ಪರಿವರ್ತಕವೆಂದು ಹೆಸರು. ಅದು ಸುಟ್ಟಿತೆಂದರೆ ಊರೆಲ್ಲ ಕತ್ತಲೆ, ಬಾವಿಯ ನೀರು ಬಾವಿಯಲ್ಲಿಯೇ ಉಳಿಯುವುದು, ಬೆಳೆ ಬಾಡುವುದು. ಇಷ್ಟು ಮುಖ್ಯವಾದ ಈ ವಸ್ತುವಿನ ವಿಷಯವಾಗಿ ನಮ್ಮ ಗೃಹಸ್ಥರಲ್ಲಿ ಎರಡು ವಿಪರೀತ ಭಾವನೆಗಳು ಬೇರೂರಿವೆ. ಅದು ವಿದ್ಯುತ್ತನ್ನು ಹುಟ್ಟಿಸುವ ಯಂತ್ರವೆಂಬುದು ಒಂದು; ಅದರೊಳಗೆ ವಿದ್ಯುತ್ತು ಮೇಲಿನ ತಂತಿಯಿಂದ ಕೆಳಗಿನ ತಂತಿಗೆ ಇಳಿಯುವುದೇ ಹೊರತು ಕೆಳಗಿನಿಂದ ಮೇಲಕ್ಕೆ ಏರಲಾರದೆಂಬುದು ಇನ್ನೊಂದು. ಮೊದಲನೆಯದರಿಂದ ಹಣ ವ್ಯರ್ಥವಾಗುವುದು. ಎರಡನೆಯದರಿಂದ ಕಂಬವೇರಿದ ಬಡಪಾಯಿಯ ಪ್ರಾಣವೇ ಹೋಗುವುದುಂಟು. ಆದುದರಿಂದ ಈ ತಿಂಗಳು ಆ ಪೆಟ್ಟಿಗೆಯ ಒಳಗನ್ನು ಸ್ವಲ್ಪ ವಿಚಾರ ಮಾಡೋಣ.

ಇದಕ್ಕೆ ದೊಡ್ಡ ಗಣಿತವೇನೂ ಬೇಡ. ಹಿಂದಿನ ಮಠದ ಹುಡುಗರು ಕಂಠಪಾಠ ಮಾಡುತ್ತಿದ್ದ ತ್ರೈರಾಶಿಕವೊಂದಿದ್ದರೆ ಸಾಕು. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೆಂಬುದನ್ನು ವಾಚಕರು ಬಲ್ಲರು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿ, ಅದರ ಆದಿಯಲ್ಲಿ ಆ ಅರಸನನ್ನು ಸ್ತುತಿಸಿದನು. ಆ ಗ್ರಂಥದಲ್ಲಿ ತ್ರೈರಾಶಿಕಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳು ತಿಳಿದಿದ್ದರೆ ನಾಲ್ಕನೆಯದನ್ನು ಕಂಡುಹಿಡಿಯುವ ಕ್ರಮವಿದು. ನಾಲ್ಕು ಕಿಲೋ ತೊಗರಿಬೇಳೆಗೆ ೬೦೦ ರೂಪಾಯಿಯಾದರೆ ಏಳು ಕಿಲೋಗೆ ಎಷ್ಟು? ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಲು ೧,೦೫೦ ರೂಪಾಯಿ ಬರುವುದು. ಇದು ಕ್ರಮ ತ್ರೈರಾಶಿಕ. ಎಂಟು ಆಳುಗಳು ಆರು ದಿನದಲ್ಲಿ ಕೊಯ್ಯುವ ಹೊಲವನ್ನು ಹನ್ನೆರಡು ಆಳುಗಳು ಎಷ್ಟು ದಿನದಲ್ಲಿ ಕೊಯ್ದಾರು? ಇಲ್ಲಿ ಆಳು ಹೆಚ್ಚಿದಂತೆ ದಿನ ಕುಗ್ಗುವುದು, ಉತ್ತರವು ನಾಲ್ಕು. ಇದು ವ್ಯಸ್ತ ತ್ರೈರಾಶಿಕ. ಈ ಎರಡನ್ನೂ ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪರಿವರ್ತಕದ ಮರ್ಮವೆಲ್ಲ ಇವುಗಳಲ್ಲಿಯೇ ಅಡಗಿದೆ.

ಇನ್ನು ಪೆಟ್ಟಿಗೆಯ ಒಳಗೆ ಏನಿದೆ? ತಿರುಗುವ ಚಕ್ರವಿಲ್ಲ, ಉರಿಯುವ ಒಲೆಯಿಲ್ಲ. ತೆಳುವಾದ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಚೌಕಟ್ಟೊಂದಿದೆ. ಇದಕ್ಕೆ ತಿರುಳೆಂದು ಹೆಸರು. ಆ ತಿರುಳಿನ ಒಂದೇ ಕಂಬಕ್ಕೆ ಎರಡು ಸುರುಳಿಗಳನ್ನು ಸುತ್ತಿರುವರು. ಒಂದು ಸುರುಳಿಯು ಸಣ್ಣ ತಂತಿಯದು, ಸುತ್ತುಗಳು ಬಹಳ. ಇನ್ನೊಂದು ದಪ್ಪ ತಂತಿಯದು, ಸುತ್ತುಗಳು ಕಡಮೆ. ಎರಡಕ್ಕೂ ಪರಸ್ಪರ ತಂತಿಯ ಸಂಬಂಧವಿಲ್ಲ. ನಡುವೆ ಕಾಗದವೂ ಎಣ್ಣೆಯೂ ಅಡ್ಡವಾಗಿವೆ. ಹಾಗಾದರೆ ಒಂದರಲ್ಲಿರುವ ಶಕ್ತಿಯು ಮತ್ತೊಂದಕ್ಕೆ ಬರುವುದು ಹೇಗೆ?

೧೮೩೧ನೆಯ ಇಸವಿಯ ಆಗಸ್ಟಿನಲ್ಲಿ ಲಂಡನ್ನಿನ ಮೈಕೇಲ್ ಫ್ಯಾರಡೆ ಎಂಬ ವಿಜ್ಞಾನಿಯು ಕಬ್ಬಿಣದ ಬಳೆಯೊಂದಕ್ಕೆ ಇಂತಹ ಎರಡು ಸುರುಳಿಗಳನ್ನು ಸುತ್ತಿ ಪರೀಕ್ಷಿಸಿದನು. ಒಂದು ಸುರುಳಿಗೆ ಬ್ಯಾಟರಿಯನ್ನು ಸೇರಿಸಿದ ಕ್ಷಣದಲ್ಲಿ ಇನ್ನೊಂದು ಸುರುಳಿಗೆ ಕಟ್ಟಿದ ಮುಳ್ಳು ಅಲುಗಿತು. ಬ್ಯಾಟರಿಯನ್ನು ತೆಗೆದ ಕ್ಷಣದಲ್ಲಿ ಮತ್ತೆ ಅಲುಗಿತು. ನಡುವೆ ಪ್ರವಾಹವು ಒಂದೇ ಸಮನಾಗಿ ಹರಿಯುತ್ತಿರುವಾಗ ಮಾತ್ರ ಸುಮ್ಮನಿತ್ತು. ಇದರ ತಾತ್ಪರ್ಯವೇನೆಂದರೆ, ಕಬ್ಬಿಣದಲ್ಲಿ ಅಯಸ್ಕಾಂತಶಕ್ತಿ ಇದ್ದ ಮಾತ್ರಕ್ಕೆ ಪಕ್ಕದ ತಂತಿಯಲ್ಲಿ ವಿದ್ಯುತ್ತು ಹುಟ್ಟದು; ಆ ಶಕ್ತಿಯು ಹೆಚ್ಚುತ್ತಲೋ ಕುಗ್ಗುತ್ತಲೋ ಇರಬೇಕು. ನಮ್ಮ ಮನೆಗೆ ಬರುವ ವಿದ್ಯುತ್ತು ಒಂದು ಸೆಕೆಂಡಿಗೆ ೫೦ ಸಲ ಹಿಂದುಮುಂದಾಗಿ ತೂಗಾಡುವ ಸ್ವಭಾವದ್ದು. ಆದುದರಿಂದ ತಿರುಳಿನ ಅಯಸ್ಕಾಂತಶಕ್ತಿಯೂ ಎಡೆಬಿಡದೆ ಏರಿಳಿಯುತ್ತಿರುವುದು. ಬ್ಯಾಟರಿಯ ಏಕಮುಖ ಪ್ರವಾಹವನ್ನು ಪರಿವರ್ತಕಕ್ಕೆ ನೇರವಾಗಿ ಕೊಟ್ಟರೆ ಸುರುಳಿ ಬಿಸಿಯಾಗಿ ಸುಡುವುದೇ ಹೊರತು ಮತ್ತೇನೂ ಪ್ರಯೋಜನವಿಲ್ಲ. ಫ್ಯಾರಡೆಯ ಪರೀಕ್ಷೆಯಾಗಿ ಅರ್ಧ ಶತಮಾನ ಕಳೆದ ಮೇಲೆ, ೧೮೮೫ರಲ್ಲಿ, ಹಂಗೇರಿ ದೇಶದ ಬುಡಾಪೆಸ್ಟಿನಲ್ಲಿ ಜಿಪರ್ನೋವ್ಸ್ಕಿ, ಬ್ಲಾಥಿ, ಡೇರಿ ಎಂಬ ಮೂವರು ಎಂಜಿನಿಯರುಗಳು ಮುಚ್ಚಿದ ತಿರುಳಿನ ಪರಿವರ್ತಕವನ್ನು ಬಳಕೆಗೆ ತಂದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ತಿರುಳಿನೊಳಗೆ ಏರಿಳಿಯುವ ಅಯಸ್ಕಾಂತಶಕ್ತಿಯು ಎರಡು ಸುರುಳಿಗಳ ಎಲ್ಲ ಸುತ್ತುಗಳ ನಡುವೆಯೂ ಒಂದೇ ಆಗಿ ಹಾಯುವುದರಿಂದ, ಪ್ರತಿಯೊಂದು ಸುತ್ತಿಗೂ ಸಮಾನವಾದ ವೋಲ್ಟು ದೊರೆಯುವುದು. ಪಂಕ್ತಿಯಲ್ಲಿ ಕುಳಿತವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೋಳಿಗೆ ಬಡಿಸಿದಂತೆ. ಪಂಕ್ತಿಯು ಉದ್ದವಾದಷ್ಟೂ ಹೋಳಿಗೆಯ ಒಟ್ಟು ಸಂಖ್ಯೆ ಹೆಚ್ಚುವುದು. ಲೆಕ್ಕಕ್ಕಾಗಿ ಒಂದು ಸುತ್ತಿಗೆ ೫ ವೋಲ್ಟು ಎಂದು ಇಟ್ಟುಕೊಳ್ಳಿರಿ. ೨,೨೦೦ ಸುತ್ತುಗಳ ಸುರುಳಿಗೆ ೧೧,೦೦೦ ವೋಲ್ಟು ಕೊಟ್ಟರೆ, ಅದೇ ತಿರುಳಿನ ಮೇಲಿನ ೫೦ ಸುತ್ತುಗಳ ಸುರುಳಿಯಲ್ಲಿ ೨೫೦ ವೋಲ್ಟು ತೋರುವುದು. ಪ್ರಮಾಣ ೨,೨೦೦, ಫಲ ೧೧,೦೦೦, ಇಚ್ಛೆ ೫೦: ಕ್ರಮ ತ್ರೈರಾಶಿಕ. ಈ ೨,೨೦೦ಕ್ಕೂ ೫೦ಕ್ಕೂ ಇರುವ ಸಂಬಂಧವನ್ನೇ ಸುತ್ತುಗಳ ನಿಷ್ಪತ್ತಿ ಎನ್ನುವುದು. ಇಲ್ಲಿ ಅದು ೪೪ಕ್ಕೆ ೧.

ವಿಚಾರವುಳ್ಳ ವಾಚಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹಳ್ಳಿಯ ಪರಿವರ್ತಕದ ಹೆಸರುಫಲಕದಲ್ಲಿ ೧೧,೦೦೦ ಮತ್ತು ೪೩೩ ಎಂದು ಕೊರೆದಿರುವುದಷ್ಟೆ. ಭಾಗಿಸಿದರೆ ಸುಮಾರು ೨೫ ಬರುವುದು. ೪೪ ಎಲ್ಲಿಂದ ಬಂತು? ಸಮಾಧಾನವಿದು. ಪೆಟ್ಟಿಗೆಯೊಳಗೆ ಒಂದು ಜೊತೆಯಲ್ಲ, ಮೂರು ಫೇಸುಗಳಿಗೆ ಮೂರು ಜೊತೆ ಸುರುಳಿಗಳಿವೆ. ಹೆಚ್ಚು ವೋಲ್ಟಿನ ಮೂರು ಸುರುಳಿಗಳನ್ನು ತ್ರಿಕೋಣದಂತೆ ಜೋಡಿಸಿರುವುದರಿಂದ ಒಂದೊಂದರ ಮೇಲೆಯೂ ಪೂರ್ತಿ ೧೧,೦೦೦ ವೋಲ್ಟು ಬೀಳುವುದು. ಕಡಮೆ ವೋಲ್ಟಿನ ಮೂರನ್ನು ನಕ್ಷತ್ರದಂತೆ ಒಂದು ಬಿಂದುವಿನಲ್ಲಿ ಕೂಡಿಸಿದೆ. ಆ ಬಿಂದುವೇ ನಮ್ಮ ನ್ಯೂಟ್ರಲ್ಲು. ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ೨೫೦ ವೋಲ್ಟು. ಎರಡು ಫೇಸುಗಳ ನಡುವೆ ೫೦೦ ಆಗಬೇಕಲ್ಲವೆ ಎಂದರೆ, ಅವು ಒಂದೇ ಕಾಲಕ್ಕೆ ಏರಿ ಇಳಿಯುವುದಿಲ್ಲ. ಒಂದರ ಹಿಂದೆ ಒಂದು ಹೆಜ್ಜೆಯಿಡುತ್ತವೆ. ಆದುದರಿಂದ ೨೫೦ರ ೧.೭೩೨ ಪಟ್ಟು, ಎಂದರೆ ೪೩೩, ದೊರೆಯುವುದು. ಫಲಕವು ತಂತಿಗಳ ವೋಲ್ಟನ್ನು ಹೇಳುವುದು. ನಿಷ್ಪತ್ತಿಯು ಸುರುಳಿಗಳನ್ನು ನೋಡುವುದು. ಭಾರ ಬಿದ್ದು ತಂತಿಯಲ್ಲಿ ಸ್ವಲ್ಪ ಸೋರಿ ಮನೆಗೆ ಬರುವ ಹೊತ್ತಿಗೆ ಆ ೨೫೦ ವೋಲ್ಟು ೨೩೦ರ ಆಸುಪಾಸಿಗೆ ಇಳಿದಿರುವುದು.

ವೋಲ್ಟು ಇಳಿದರೆ ಶಕ್ತಿ ನಷ್ಟವಾಯಿತೆ? ಇಲ್ಲ. ಇಲ್ಲಿಯೇ ವ್ಯಸ್ತ ತ್ರೈರಾಶಿಕದ ಕೆಲಸ. ಸುತ್ತುಗಳು ಕಡಮೆಯಾದ ಕಡೆ ಪ್ರವಾಹವು ಅಷ್ಟೇ ಪಾಲು ಹೆಚ್ಚುವುದು. ೨,೨೦೦ ಸುತ್ತಿನ ಸುರುಳಿಯಲ್ಲಿ ೩ ಆಂಪಿಯರು ಹರಿದರೆ ೫೦ ಸುತ್ತಿನದರಲ್ಲಿ ೧೩೨ ಆಂಪಿಯರು ಹರಿಯುವುದು. ಗುಣಿಸಿ ನೋಡಿರಿ: ೧೧,೦೦೦ವನ್ನು ೩ರಿಂದ ಗುಣಿಸಿದರೆ ೩೩,೦೦೦, ೨೫೦ನ್ನು ೧೩೨ರಿಂದ ಗುಣಿಸಿದರೂ ೩೩,೦೦೦. ಮೂರು ಜೊತೆಗೆ ೯೯,೦೦೦. ನಮ್ಮ ಕಡೆ ನೂರು ಕೆ. ವಿ. ಎ. ಟಿ. ಸಿ. ಎನ್ನುವುದು ಇದನ್ನೇ. ಪರಿವರ್ತಕವು ಏನನ್ನೂ ಹುಟ್ಟಿಸದು. ಬಂದುದರಲ್ಲಿ ಅತ್ಯಲ್ಪ ಭಾಗವನ್ನು ಬಿಸಿಯಾಗಿ ಕಳೆದು ಉಳಿದುದನ್ನು ಬೇರೆ ಚಿಲ್ಲರೆಯಲ್ಲಿ ಒಪ್ಪಿಸುವುದು. ನೂರರ ನೋಟನ್ನು ಹತ್ತರ ಹತ್ತು ನೋಟುಗಳಾಗಿ ಮಾಡಿಕೊಡುವ ಶೆಟ್ಟರಿಗೆ ಇದನ್ನು ಹೋಲಿಸಬಹುದು. ದಪ್ಪ ತಂತಿ ಏಕೆ, ಸಣ್ಣ ತಂತಿ ಏಕೆ ಎಂಬುದೂ ಇದರಿಂದ ತಿಳಿಯುವುದು: ಹೆಚ್ಚು ಪ್ರವಾಹ ಹೊರುವ ಕಡೆಗೆ ದಪ್ಪ ತಂತಿ ಬೇಕು.

ಹಾಗಾದರೆ ಮೊದಲೇ ಕಡಮೆ ವೋಲ್ಟಿನಲ್ಲಿ ಕಳುಹಿಸಬಾರದೇಕೆ ಎಂದು ಕೇಳುವಿರಾ? ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟವು ಪ್ರವಾಹದ ವರ್ಗಕ್ಕೆ ಅನುಸಾರವಾಗಿರುವುದು. ಪ್ರವಾಹವು ಇಮ್ಮಡಿಯಾದರೆ ನಷ್ಟ ನಾಲ್ಮಡಿ. ವೋಲ್ಟನ್ನು ೪೪ ಪಟ್ಟು ಏರಿಸಿದರೆ ಪ್ರವಾಹವು ೪೪ರಲ್ಲೊಂದು ಪಾಲಾಗುವುದು. ಅದೇ ತಂತಿಯಲ್ಲಿನ ನಷ್ಟವು ೧,೯೩೬ರಲ್ಲೊಂದು ಪಾಲಿಗೆ ಇಳಿಯುವುದು. ನಮ್ಮ ನಾಡಿನಲ್ಲಿ ಇದಕ್ಕೆ ಪೂರ್ವನಿದರ್ಶನವುಂಟು. ೧೯೦೨ರಲ್ಲಿ ಮೈಸೂರು ಸಂಸ್ಥಾನದವರು ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. ಪರಿವರ್ತಕಗಳಿಂದ ೩೦ ಸಾವಿರಕ್ಕೆ ಕಡಮೆಯಿಲ್ಲದಷ್ಟು ವೋಲ್ಟಿಗೆ ಏರಿಸಿ ಕಳುಹಿಸಿದುದರಿಂದಲೇ ಅದು ಸಾಧ್ಯವಾಯಿತು. ಇಂದು ರಾಯಚೂರು ಬಳಿಯ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ೨೧೦ ಮೆಗಾವಾಟಿನ ಒಂದೊಂದು ಯಂತ್ರವೂ ೧೫,೭೫೦ ವೋಲ್ಟಿನಲ್ಲಿ ಉತ್ಪಾದಿಸುವುದನ್ನು ಲಕ್ಷಗಟ್ಟಲೆ ವೋಲ್ಟಿಗೆ ಏರಿಸಿ ಸಾಗಿಸುವರು. ಬರುಬರುತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ೧೧,೦೦೦ಕ್ಕೆ ತಂದು ಹಳ್ಳಿಯ ಅಟ್ಟಕ್ಕೆ ತಲುಪಿಸುವರು. ವಾಡಿಯ ಜಂಕ್ಷನ್ನಿನಲ್ಲಿ ಹಳಿಗಳ ಮೇಲೆ ಹಾಯ್ದಿರುವ ತಂತಿಯಲ್ಲಿ ೨೫,೦೦೦ ವೋಲ್ಟಿರುವುದು. ಎಂಜಿನ್ನು ತನ್ನ ಹೊಟ್ಟೆಯಲ್ಲಿಯೇ ಒಂದು ಪರಿವರ್ತಕವನ್ನು ಹೊತ್ತು ಓಡುವುದು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಕಾರ್ಖಾನೆಗಳು ಸುಣ್ಣಕಲ್ಲನ್ನು ಅರೆಯುವುದಕ್ಕೂ, ಶಹಾಬಾದಿನ ಕಲ್ಲು ಕೊಯ್ಯುವ ಯಂತ್ರಗಳು ಫರಸಿಯನ್ನು ಸೀಳುವುದಕ್ಕೂ, ತಮಗೆ ತಕ್ಕ ವೋಲ್ಟನ್ನು ಇದೇ ನಿಷ್ಪತ್ತಿಯಿಂದ ಪಡೆಯುವುವು.

ಇಷ್ಟು ತಿಳಿದರೆ ಮೊದಲನೆಯ ವಿಪರೀತ ಭಾವನೆಯು ತಾನಾಗಿ ಹೋಗುವುದು. ಸಂಜೆಯಲ್ಲಿ ದೀಪ ಮಂಕಾಗುವುದು, ಪಂಪು ಏಳದಿರುವುದು ಹಳ್ಳಿಗಳ ನಿತ್ಯದ ದೂರು. ಚಿಂಚೋಳಿಯ ಕಾಡಿನ ಅಂಚಿನ ತಾಂಡಾಗಳಂತಹ ಕಡೆಗಳಲ್ಲಿ, ಕಡಮೆ ವೋಲ್ಟಿನ ತಂತಿಯೇ ಬಹುದೂರ ಎಳೆದುದಾದರೆ, ತುದಿಯ ಮನೆಗೆ ಈ ದೂರು ಹೆಚ್ಚು. “ದೊಡ್ಡ ಟಿ. ಸಿ. ಹಾಕಿಸಿದರೆ ವೋಲ್ಟು ಏರುವುದು” ಎಂದು ಜನರು ನಂಬುವರು. ೨೫ ಕೆ. ವಿ. ಎ. ಆಗಲಿ, ೬೩ ಆಗಲಿ, ೧೦೦ ಆಗಲಿ, ನಿಷ್ಪತ್ತಿ ಒಂದೇ. ದೊಡ್ಡದು ಹೆಚ್ಚು ಪ್ರವಾಹವನ್ನು ಸುಡದೆ ಹೊರಬಲ್ಲುದು, ಅಷ್ಟೆ. ದೂರದ ತಂತಿಯಲ್ಲಿ ಸೋರಿಹೋದ ವೋಲ್ಟನ್ನು ಅದು ತಿರುಗಿ ತರಲಾರದು; ಅದಕ್ಕೆ ದಪ್ಪ ತಂತಿ ಬೇಕು, ಇಲ್ಲವೆ ಪರಿವರ್ತಕವನ್ನೇ ಮನೆಗಳ ಹತ್ತಿರಕ್ಕೆ ತರಬೇಕು. ಕೆಲವು ದೊಡ್ಡ ಪರಿವರ್ತಕಗಳಲ್ಲಿ ನಿಷ್ಪತ್ತಿಯನ್ನು ಕೊಂಚ ಬದಲಿಸುವ ಏರ್ಪಾಡುಂಟು. ಅಲ್ಲಿ ಕೆಳಗಿನ ವೋಲ್ಟು ಏರಬೇಕಾದರೆ ಮೇಲಿನ ಸುರುಳಿಯ ಸುತ್ತುಗಳನ್ನು ಕಡಮೆ ಮಾಡುವರು. ಮೇಲಿನ ತಂತಿಯಲ್ಲಿ ೧೦,೪೫೦ ವೋಲ್ಟು ಮಾತ್ರ ಬರುತ್ತಿದ್ದರೆ ೨,೨೦೦ ಸುತ್ತುಗಳಲ್ಲಿ ೧೧೦ನ್ನು ಬಿಟ್ಟು ೨,೦೯೦ಕ್ಕೆ ಕೊಟ್ಟರೆ ಸುತ್ತಿಗೆ ಮತ್ತೆ ೫ ವೋಲ್ಟೇ ದೊರೆಯುವುದು. ೫೦ ಸುತ್ತಿಗೆ ೨೫೦ ಬರುವುದು. ಇದು ಇಲಾಖೆಯವರು ವಿದ್ಯುತ್ತನ್ನು ತಡೆದು ಮಾಡತಕ್ಕ ಕೆಲಸ. ಗೃಹಸ್ಥರ ಕೈಗೆ ಸೇರಿದುದಲ್ಲ.

ಟಿ. ಸಿ. ಏಕೆ ಸುಡುವುದೆಂಬುದನ್ನೂ ಲೆಕ್ಕ ಹಾಕಿ ನೋಡಬಹುದು. ೧೦೦ ಕೆ. ವಿ. ಎ. ಪರಿವರ್ತಕವು ಒಂದೊಂದು ಫೇಸಿನಲ್ಲಿ ಸುಮಾರು ೧೩೩ ಆಂಪಿಯರು ಕೊಡಬಲ್ಲುದು, ೬೩ರದು ೮೪, ೨೫ರದು ೩೩. ಐದು ಅಶ್ವಶಕ್ತಿಯ ಮೂರು ಫೇಸಿನ ಪಂಪು ಸುಮಾರು ೭ ಆಂಪಿಯರು ಎಳೆಯುವುದು. ಆದುದರಿಂದ ೨೫ ಕೆ. ವಿ. ಎ. ಪೆಟ್ಟಿಗೆಗೆ ನಾಲ್ಕು ಪಂಪುಗಳೇ ತುಂಬಿದ ಭಾರ. ಲೆಕ್ಕಕ್ಕೆ ಬಾರದ ಎರಡು ಪಂಪುಗಳನ್ನು ಕದ್ದು ಸೇರಿಸಿದರೆ ಪ್ರವಾಹವು ಒಂದೂವರೆ ಪಟ್ಟಾಗಿ, ಸುರುಳಿಯ ಬಿಸಿಯು ಎರಡೂಕಾಲು ಪಟ್ಟಾಗುವುದು. ಬೇಸಗೆಯ ಕಲಬುರಗಿ ಸೀಮೆಯ ಬಿಸಿಲು ಅದಕ್ಕೆ ಸೇರುವುದು. ವೋಲ್ಟು ಕುಸಿದಾಗ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಪ್ರವಾಹವನ್ನು ಬೇಡುವುದರಿಂದ, ಇಲ್ಲಿಯೂ ವ್ಯಸ್ತ ತ್ರೈರಾಶಿಕವೇ ನಡೆದು, ಭಾರ ಇನ್ನಷ್ಟು ಏರುವುದು. ಕೊನೆಗೆ ಸುಡುವುದು ಕದ್ದವನ ಪಂಪೊಂದೇ ಅಲ್ಲ. ನ್ಯಾಯವಾಗಿ ಹಣ ಕಟ್ಟಿದ ನೆರೆಯವನ ಬೆಳೆಯೂ ಒಣಗುವುದು.

ಇನ್ನು ಎರಡನೆಯ ವಿಪರೀತ ಭಾವನೆ. ಇದನ್ನು ಸಾವಧಾನವಾಗಿ ಕೇಳಬೇಕೆಂದು ಪ್ರಾರ್ಥನೆ. ಪರಿವರ್ತಕಕ್ಕೆ ಮೇಲು ಕೀಳು ಎಂಬ ಪಕ್ಷಪಾತವಿಲ್ಲ. ಯಾವ ಸುರುಳಿಗೆ ವಿದ್ಯುತ್ತು ಕೊಟ್ಟರೂ ಇನ್ನೊಂದರಲ್ಲಿ ನಿಷ್ಪತ್ತಿಗೆ ಅನುಸಾರವಾಗಿ ತೋರಿಯೇ ತೋರುವುದು. ಇದಕ್ಕೆ ಸಾಕ್ಷಿಯು ನಮ್ಮ ಮನೆಗಳಲ್ಲಿಯೇ ಇದೆ. ಹಜಾರದ ಮೂಲೆಯ ಇನ್ವರ್ಟರಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಪರಿವರ್ತಕ. ಕರೆಂಟು ಇರುವಾಗ ಅದು ೨೩೦ ವೋಲ್ಟನ್ನು ಇಳಿಸಿ ೧೨ ವೋಲ್ಟಿನ ಬ್ಯಾಟರಿಯನ್ನು ತುಂಬುವುದು. ಕರೆಂಟು ಹೋದಾಗ, ಬ್ಯಾಟರಿಯ ಏಕಮುಖ ಪ್ರವಾಹವನ್ನು ಮೊದಲು ತೂಗಾಡುವಂತೆ ಮಾಡಿ, ಅದೇ ಸುರುಳಿಗಳಿಂದ ೨೩೦ಕ್ಕೆ ಏರಿಸಿ ದೀಪಕ್ಕೂ ಪಂಕಕ್ಕೂ ಕೊಡುವುದು. ಮನೆಯ ಕಡೆ ೨ ಆಂಪಿಯರು ಹರಿದರೆ ಬ್ಯಾಟರಿಯ ಕಡೆ ೩೮ ಆಂಪಿಯರಿಗೆ ಮೇಲಾಗುವುದರಿಂದಲೇ ಆ ತಂತಿಗಳು ಹೆಬ್ಬೆಟ್ಟಿನ ಗಾತ್ರ ಇರುವುದು.

ಈಗ ಮದುವೆಯ ಮನೆಯೊಂದನ್ನು ಭಾವಿಸಿರಿ. ಗಾಳಿಮಳೆಗೆ ಮರದ ಕೊಂಬೆ ಬಿದ್ದು ಕರೆಂಟು ಹೋಗಿದೆ. ಬಾಡಿಗೆಯ ಜನರೇಟರನ್ನು ತಂದು, ಅವಸರದಲ್ಲಿ ಅದರ ತಂತಿಯನ್ನು ಮನೆಯ ಯಾವುದೋ ಸಾಕೆಟ್ಟಿಗೆ ಸೇರಿಸಿಬಿಡುವರು; ಮುಖ್ಯ ಸ್ವಿಚ್ಚನ್ನು ತೆಗೆಯುವುದು ಯಾರಿಗೂ ನೆನಪಿಲ್ಲ. ಮನೆಯಲ್ಲಿ ದೀಪ ಬೆಳಗಿತು. ಆದರೆ ಅದೇ ೨೩೦ ವೋಲ್ಟು ಮೀಟರನ್ನು ದಾಟಿ ಕಂಬಕ್ಕೆ ಹೋಗಿ, ಊರ ಹೊರಗಿನ ಪರಿವರ್ತಕದ ೫೦ ಸುತ್ತಿನ ಸುರುಳಿಯನ್ನು ಸೇರುವುದು. ನಿಷ್ಪತ್ತಿಯು ೪೪. ೨೩೦ನ್ನು ೪೪ರಿಂದ ಗುಣಿಸಿದರೆ ೧೦,೧೨೦ ವೋಲ್ಟು. ಕರೆಂಟು ಇಲ್ಲವೆಂದು ನಂಬಿ ಎರಡು ಮೈಲಿ ಆಚೆಯ ಕಂಬದ ಮೇಲೆ ಕೊಂಬೆಯನ್ನು ಬಿಡಿಸುತ್ತಿರುವ ಲೈನುಮನ್ನನ ಕೈಯಲ್ಲಿರುವ ತಂತಿಯೇ ಅದು. ಸಣ್ಣ ಜನರೇಟರು ಊರಿನ ಭಾರವನ್ನು ತಾಳಲಾರದೆ ನಿಂತುಹೋಗುವುದೆಂದು ಕೆಲವರು ವಾದಿಸುವರು. ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಎಲ್ಲರೂ ಸ್ವಿಚ್ಚು ತೆಗೆದು ಮಲಗಿದ ರಾತ್ರಿ, ಅಥವಾ ತಂತಿ ನಡುವೆ ತುಂಡಾಗಿ ಭಾರವೇ ಇಲ್ಲದಾಗ, ಅದು ಸುಖವಾಗಿ ಓಡುತ್ತಲೇ ಇರುವುದು. ನಿಂತರೂ, ನಿಲ್ಲುವುದಕ್ಕೆ ಮುಂಚಿನ ಒಂದು ಕ್ಷಣವೇ ಮನುಷ್ಯನಿಗೆ ಸಾಕು. ತಪ್ಪು ಮಾಡಿದವನ ಮನೆಯಲ್ಲಿ ವಾದ್ಯ ಮೊಳಗುತ್ತಿರುವಾಗ ಅಪಾಯವು ಯಾವ ಅಪರಾಧವನ್ನೂ ಮಾಡದವನಿಗೆ ತಟ್ಟುವುದು, ಇದಕ್ಕಿಂತ ಅನ್ಯಾಯವುಂಟೆ?

ಆದುದರಿಂದ ಗೃಹಸ್ಥರು ಪಾಲಿಸತಕ್ಕ ಕೆಲವು ನಿಯಮಗಳನ್ನು ಬರೆದು ಮುಗಿಸುವೆನು. ಜನರೇಟರನ್ನು ಮನೆಯ ತಂತಿಗೆ ಸೇರಿಸಬೇಕಾದರೆ ಚೇಂಜ್‌ಓವರ್ ಸ್ವಿಚ್ಚನ್ನು ಬಲ್ಲ ಕೆಲಸಗಾರರಿಂದ ಹಾಕಿಸಬೇಕು. ಅದರ ಹಿಡಿಯು ಕಂಬದ ಕಡೆಗೋ ಜನರೇಟರಿನ ಕಡೆಗೋ ಒಂದಕ್ಕೆ ಮಾತ್ರ ಸೇರುವುದು. ಎರಡನ್ನೂ ಏಕಕಾಲದಲ್ಲಿ ಕೂಡಿಸಲಾರದು. ಅದಿಲ್ಲದ ಮನೆಯಲ್ಲಿ ದೀಪಗಳನ್ನು ಜನರೇಟರಿಗೇ ನೇರವಾಗಿ ಬೇರೆ ತಂತಿಯಿಂದ ಕಟ್ಟಬೇಕು. ಗೋಡೆಯ ಸಾಕೆಟ್ಟಿಗೆ ಎಂದಿಗೂ ಕೊಡಬಾರದು. ಟಿ. ಸಿ.ಯ ಫ್ಯೂಸು ಹೋದರೆ ತಾವೇ ಕಂಬವೇರಿ ತಂತಿ ಸುತ್ತಬಾರದು. ೧೯೧೨ ಸಂಖ್ಯೆಗೆ ಫೋನು ಮಾಡಿ ವಿದ್ಯುತ್ ಕಂಪನಿಯವರಿಗೆ ತಿಳಿಸಬೇಕು. ಬಿದ್ದ ತಂತಿಯನ್ನು, ಕರೆಂಟು ಇಲ್ಲವೆಂದು ಎಷ್ಟೇ ಜನ ಹೇಳಿದರೂ, ಜೀವಂತವೆಂದೇ ಎಣಿಸಿ ದೂರವಿರಬೇಕು. ಮಕ್ಕಳನ್ನೂ ದನಗಳನ್ನೂ ಹತ್ತಿರ ಬಿಡಬಾರದು. ಮನೆಯ ಹಿರಿಯರು ತಮ್ಮ ಹೈಸ್ಕೂಲಿನ ಮಕ್ಕಳನ್ನು ಕೂರಿಸಿಕೊಂಡು ಮೇಲಿನ ೨೩೦, ೪೪ರ ಗುಣಾಕಾರವನ್ನು ಒಂದು ಸಲ ಅವರ ಕೈಯಿಂದಲೇ ಮಾಡಿಸಲಿ. ಮುಂದೆ ಯಾರದಾದರೂ ಮನೆಯಲ್ಲಿ ಜನರೇಟರಿನ ತಂತಿಯನ್ನು ಸಾಕೆಟ್ಟಿಗೆ ಚುಚ್ಚುವುದನ್ನು ಕಂಡರೆ, ಆ ಹುಡುಗ ಹುಡುಗಿಯರೇ ಎದ್ದು ಮೊದಲು ಮುಖ್ಯ ಸ್ವಿಚ್ಚನ್ನು ತೆಗೆಯಿರೆಂದು ಹೇಳಿಯಾರು.

ನ್ಯೂಟ್ರಲ್ಲಿನ ತಂತಿಯನ್ನೂ ಮನೆಯ ಅರ್ಥಿಂಗನ್ನೂ ನೆಲದಲ್ಲಿ ಹೂಳುವುದೇಕೆ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.